ಜರ್ಮನಿಯ ಆರೈಕೆ ವಿಮೆ: ನಗದು ತಗೊಳ್ಳಬೇಕೋ, ಸೇವೆ ತಗೊಳ್ಳಬೇಕೋ?

ಜರ್ಮನಿಯಲ್ಲಿ ಮನೆಯಲ್ಲೇ ಆರೈಕೆ ಪಡೆಯುವವರಲ್ಲಿ ಹೆಚ್ಚಿನವರು ಕೇಳುವುದು ನಗದನ್ನೇ. ಅದಕ್ಕೆ ಅಲ್ಲಿ ಫ್ಲೇಗೆಗೆಲ್ಡ್ ಎನ್ನುತ್ತಾರೆ. ಸ್ನಾನ ಮಾಡಿಸುವ ಕೈ ಮನೆಯವರದೇ ಆಗಿರಲಿ ಎಂಬ ಆಸೆ ಸಹಜವೇ. ಆದರೆ ಹಾಗೆ ಕೇಳುವಾಗ ಅರ್ಧಕ್ಕಿಂತ ಹೆಚ್ಚು ಹಣ ಬಿಟ್ಟುಕೊಡುತ್ತೀರಿ. ಎಷ್ಟು ಆರೈಕೆ ಬೇಕು ಎಂಬುದನ್ನು ನೋಡಿ ಪ್ರತಿಯೊಬ್ಬರಿಗೂ ಒಂದು ದರ್ಜೆ ಕೊಡುತ್ತಾರೆ; ಅಗತ್ಯ ಹೆಚ್ಚಿದಷ್ಟೂ ದರ್ಜೆ ಮೇಲೆ. 2025ರ ಜನವರಿಯಿಂದ 3ನೇ ದರ್ಜೆಗೆ ತಿಂಗಳಿಗೆ ನಗದು 599 ಯೂರೊ, ಆರೈಕೆ ಏಜೆನ್ಸಿಯ ಸೇವೆಯಾದರೆ 1497 ಯೂರೊವರೆಗೆ. 2ನೇ ದರ್ಜೆಗೆ 347 ಮತ್ತು 796. 1ನೇ ದರ್ಜೆಗೆ ನಗದೇ ಇಲ್ಲ.

ಮೊದಲು ಆರೈಕೆ ವಿಮಾ ನಿಧಿಗೆ ಫೋನ್ ಮಾಡಿ. ಅರ್ಜಿಗೆ ಅಷ್ಟು ಸಾಕು. ಹಿಂದಿನ ತಿಂಗಳುಗಳ ಹಣ ಸಿಗುವುದಿಲ್ಲ, ತಡಮಾಡಬೇಡಿ. ಕಳೆದ 10 ವರ್ಷಗಳಲ್ಲಿ 2 ವರ್ಷವಾದರೂ ವಿಮೆ ಇರಬೇಕು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಇದು ಅನ್ವಯಿಸದು.

ಬಳಿಕ ಅಂಕ ಹಾಕಿ ದರ್ಜೆ ಅಳೆಯಲು ಪರೀಕ್ಷಕರು ಮನೆಗೆ ಬರುತ್ತಾರೆ. ಅಂಕಗಳಲ್ಲಿ ಶೇ 40ರಷ್ಟು ತೂಕ ಸ್ನಾನ, ಊಟ, ಶೌಚದಂಥ ಸ್ವಂತ ಕೆಲಸಗಳಿಗೆ. ಎಡವಟ್ಟಾಗುವುದು ಇಲ್ಲೇ. ಬಂದವರೆದುರು ಹಿರಿಯರು ‘ಎಲ್ಲಾ ನಾನೇ ಮಾಡ್ಕೋತೀನಿ’ ಅಂದುಬಿಡುತ್ತಾರೆ, ದರ್ಜೆ ಇಳಿಯುತ್ತದೆ. ಒಂದು ವಾರ ಮೊದಲಿಂದಲೇ ಬರೆದಿಡಿ: ಅಂಗಿಯ ಗುಂಡಿ ಹಾಕಿದವರು ಯಾರು, ರಾತ್ರಿ ಎಷ್ಟು ಸಲ ಎಬ್ಬಿಸಬೇಕಾಯಿತು, ಮಾತ್ರೆ ಕೊಟ್ಟವರು ಯಾರು. ದರ್ಜೆ ಕಡಿಮೆ ಬಂದರೆ ಒಂದು ತಿಂಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ.

ಎರಡನ್ನೂ ಬೆರೆಸಿ ತೆಗೆದುಕೊಳ್ಳುವುದೇ ನಮ್ಮ ಸಲಹೆ. 3ನೇ ದರ್ಜೆಯವರು ಬೆಳಗಿನ ಸ್ನಾನಕ್ಕೆ ಏಜೆನ್ಸಿಯವರನ್ನು ಕರೆಸಿ 898.20 ಯೂರೊ ಖರ್ಚಾಯಿತು ಅನ್ನಿ. ಅದು 1497ರ ಶೇ 60. ಉಳಿದ ಶೇ 40 ನಗದಾಗಿ, ಅಂದರೆ 239.60 ಯೂರೊ ಕೈಗೆ ಬರುತ್ತದೆ. ಒಟ್ಟು 1137.80, ಬರೀ ನಗದಾದರೆ 599 ಅಷ್ಟೇ. ಎತ್ತಿ ಕೂರಿಸುವ ಭಾರದ ಕೆಲಸವನ್ನು ಏಜೆನ್ಸಿಗೆ ಬಿಡಿ, ಅಡುಗೆ, ಮಾತುಕತೆ ಮನೆಯವರಿಗಿರಲಿ. ಆರಿಸಿದ ಪ್ರಮಾಣಕ್ಕೆ ಆರು ತಿಂಗಳು ಕಟ್ಟುಬೀಳುತ್ತೀರಿ. ಏಜೆನ್ಸಿಯಿಂದ ಮೊದಲೇ ದರಪಟ್ಟಿ ತರಿಸಿಕೊಳ್ಳಿ.

ಬರೀ ನಗದು ಪಡೆಯುವ 2, 3ನೇ ದರ್ಜೆಯವರು ಆರು ತಿಂಗಳಿಗೊಮ್ಮೆ ಸಲಹಾ ಭೇಟಿ ಮಾಡಿಸಿಕೊಳ್ಳಲೇಬೇಕು. ಅದು ಉಚಿತ, ಆದರೆ ಕರೆಸುವ ಹೊಣೆ ನಿಮ್ಮದು. ತಪ್ಪಿದರೆ ಹಣ ಮೊದಲು ಕಡಿತವಾಗಿ, ಆಮೇಲೆ ನಿಂತೇಹೋಗುತ್ತದೆ.

ನೋಡಿಕೊಳ್ಳುವವರ ಪಿಂಚಣಿಯನ್ನಂತೂ ಮರೆಯಬೇಡಿ. ವಾರಕ್ಕೆ ಕನಿಷ್ಠ 2 ದಿನ, ಒಟ್ಟು 10 ಗಂಟೆ ಆರೈಕೆ ಮಾಡುತ್ತ, ಹೊರಗಿನ ದುಡಿಮೆ 30 ಗಂಟೆ ಮೀರದಿದ್ದರೆ ಅವರ ಪಿಂಚಣಿ ವಂತಿಗೆಯನ್ನು ನಿಧಿಯೇ ಕಟ್ಟುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಸೊಸೆಗೋ ಮಗಳಿಗೋ ಇದು ದೊಡ್ಡ ಆಸರೆ. ಅದರ ಫಾರ್ಮ್ ಅನ್ನು ದರ್ಜೆಯ ಪತ್ರ ಬಂದ ದಿನವೇ ಕೇಳಿ ಪಡೆಯಿರಿ.