ಎಸ್‌ಯುವಿಗೆ ಹೊಸ ಟೈರ್: ಬಿಸಿಲು, ಮಳೆ ಎರಡನ್ನೂ ತಾಳುವಂಥದ್ದನ್ನು ಆರಿಸುವುದು ಹೇಗೆ?

‘ಆಲ್ ಸೀಸನ್’ ಎಂಬ ಮಾತು ಹಿಮ ಬೀಳುವ ದೇಶಗಳದು. ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಟೈರ್ ಬದಲಿಸುವ ಗೋಜು ತಪ್ಪಲೆಂದು ಅಲ್ಲಿ ಅದು ಬಂತು. ಟೈರಿನ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಕೆತ್ತಿದ್ದರೆ ಹಿಮದ ಪರೀಕ್ಷೆ ಗೆದ್ದಿದೆ ಎಂದರ್ಥ. ಕರ್ನಾಟಕದಲ್ಲಷ್ಟೇ ಓಡುವ ಗಾಡಿಗೆ ಆ ಗುರುತಿಗಾಗಿ ಹೆಚ್ಚು ದುಡ್ಡು ಕೊಡಬೇಡಿ. ನಮ್ಮ ಟೈರ್ ಗೆಲ್ಲಬೇಕಾದದ್ದು ಏಪ್ರಿಲ್‌ನಲ್ಲಿ ರಾಯಚೂರಿನ ಕಾದ ಡಾಂಬರನ್ನು, ಜುಲೈನಲ್ಲಿ ಚಾರ್ಮಾಡಿ ಘಾಟಿಯ ನೀರನ್ನು.

ಮೊದಲು ಅಳತೆ ನೋಡಿ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಸ್ಟಿಕರ್ ಇರುತ್ತದೆ. ಅದರಲ್ಲಿ 215/60 ಆರ್17 96ಎಚ್ ಎಂದಿದೆ ಎಂದುಕೊಳ್ಳಿ. ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ 60, ರಿಮ್ 17 ಇಂಚು. 96 ಎಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ, ‘ಎಚ್’ ಎಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಕೊನೆಯ ಇವೆರಡನ್ನೂ ಎಂದೂ ಇಳಿಸಬೇಡಿ. 96ರ ಜಾಗಕ್ಕೆ 92 ಹಾಕಿದರೆ ಪ್ರತಿ ಟೈರಿಗೆ 80 ಕಿಲೋ ಖೋತಾ. ಏಳು ಜನ, ಮೇಲೆ ಲಗೇಜು ಹೇರಿಕೊಂಡು ಹೊರಟಾಗ ಪಕ್ಕೆ ಹೆಚ್ಚು ಬಾಗಿ ಕಾಯುತ್ತದೆ. ಬೇಸಿಗೆಯ ಹೆದ್ದಾರಿಯಲ್ಲಿ ಟೈರ್ ಸಿಡಿಯುವ ದಾರಿ ಅದೇ.

ಗಾಡಿ ಗತ್ತಾಗಿ ಕಾಣಲೆಂದು ಅಗಲದ ಟೈರ್ ಬಯಸುವವರು ಒಂದು ಲೆಕ್ಕ ಮಾಡಲೇಬೇಕು. ಮೇಲಿನ ಟೈರಿನ ಒಟ್ಟು ವ್ಯಾಸ ಸುಮಾರು 690 ಮಿ.ಮೀ. ಅದೇ ರಿಮ್ಮಿಗೆ 225/60 ಹಾಕಿದರೆ 702, ವ್ಯತ್ಯಾಸ ಶೇ 2ರ ಒಳಗೆ. 235/60 ಹಾಕಿದರೆ 714, ಅಂದರೆ ಶೇ 3.5. ಶೇ 3 ದಾಟಬಾರದು. ದಾಟಿದರೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸಬಹುದು, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಗಾಲಿಗೂಡಿನ ಒಳಹೊದಿಕೆಗೆ (ಲೈನರ್) ಉಜ್ಜಬಹುದು. ಇನ್ನೊಂದು ಮಾತು: ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ತೇಲುವ ಅಪಾಯವೂ ಹೆಚ್ಚು.

ಆಮೇಲೆ ಮಾದರಿ. ಊರು, ಹೆದ್ದಾರಿಯಲ್ಲೇ ಹೆಚ್ಚು ಓಡಾಟವಾದರೆ ಎಚ್‌ಟಿ, ಅಂದರೆ ಹೈವೇ ಟೈರ್ ಸಾಕು. ಸುತ್ತಲೂ ಹರಿದ ಅಗಲವಾದ ಉದ್ದ ಕಾಲುವೆಗಳು, ಅವುಗಳಿಂದ ಅಂಚಿಗೆ ನೀರು ತಳ್ಳುವ ಅಡ್ಡ ಸೀಳುಗಳು ಇರುವುದನ್ನು ಆರಿಸಿ. ದಿನವೂ ಕಾಫಿ ತೋಟದ ಮಣ್ಣುದಾರಿ ಹತ್ತುವವರಿಗೆ ಎಟಿ, ಅಂದರೆ ಎಲ್ಲ ಬಗೆಯ ನೆಲಕ್ಕೂ ಸಲ್ಲುವ ‘ಆಲ್ ಟೆರೇನ್’ ಟೈರ್ ಸರಿ. ಉಳಿದವರಿಗೆ ಅದು ಸದ್ದು ಹೆಚ್ಚಿಸಿ, ಮೈಲೇಜ್ ತಿಂದು, ಒದ್ದೆ ಡಾಂಬರಿನಲ್ಲಿ ಬ್ರೇಕ್ ದೂರವನ್ನೂ ಉದ್ದ ಮಾಡಬಲ್ಲದು. ಪಕ್ಕೆಯ ಮೇಲೆ ‘ಟ್ರಾಕ್ಷನ್’, ‘ಟೆಂಪರೇಚರ್’ ಎಂದು ಬರೆದಿದ್ದರೆ ಎರಡಕ್ಕೂ ಕನಿಷ್ಠ ‘ಎ’ ಇರಲಿ. ಮೊದಲನೆಯದು ಒದ್ದೆ ರಸ್ತೆಯ ಬ್ರೇಕಿಗೆ, ಎರಡನೆಯದು ಕಾವಿಗೆ. ‘ಟ್ರೆಡ್‌ವೇರ್’, ಅಂದರೆ ಸವೆತದ ಅಂಕಿಯನ್ನು ಒಂದೇ ಕಂಪನಿಯ ಟೈರುಗಳ ನಡುವೆ ಮಾತ್ರ ಹೋಲಿಸಿ.

ಅಂಗಡಿಯಲ್ಲಿ ರಿಮ್ಮಿಗೆ ಏರಿಸುವ ಮೊದಲೇ ತಾರೀಖು ನೋಡಿ. ಪಕ್ಕೆಯ ಮೇಲೆ ‘ಡಾಟ್’ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 3525 ಇದ್ದರೆ 2025ರ 35ನೇ ವಾರ ತಯಾರಾದದ್ದು. ಈ ಅಂಕಿ ಹಲವು ಟೈರುಗಳಲ್ಲಿ ಒಂದೇ ಪಕ್ಕೆಯಲ್ಲಿರುತ್ತದೆ. ಅದು ಒಳಮುಖವಾಗಿ ಕೂತರೆ ಆಮೇಲೆ ಗಾಡಿಯಡಿ ಮಲಗಿ ಟಾರ್ಚ್ ಹಾಕಿಯೇ ಓದಬೇಕು. ವರ್ಷ ದಾಟಿದ ಸ್ಟಾಕ್ ಇದ್ದರೆ ಬೇರೆ ಕೇಳಿ. ಬಾಣದ ಗುರುತು ಇದ್ದರೆ ಗಾಡಿ ಮುಂದೆ ಉರುಳುವ ದಿಕ್ಕಿಗೇ ಇರಬೇಕು. ಟ್ಯೂಬ್‌ಲೆಸ್ ವಾಲ್ವ್ ಕೂಡ ಹೊಸದನ್ನೇ ಹಾಕಿಸಿ.

ಎರಡೇ ಟೈರ್ ಬದಲಿಸುವುದಾದರೆ ಹೊಸವು ಹಿಂದಕ್ಕೆ. ಮುಂದಿನ ಗಾಲಿಗೆ ಎಳೆತ ಹೆಚ್ಚು, ಅಲ್ಲಿಗೇ ಹಾಕೋಣ ಎಂದು ಎಷ್ಟೋ ಕಡೆ ಹೇಳುತ್ತಾರೆ, ಒಪ್ಪಬೇಡಿ. ಸವೆದ ಹಿಂಭಾಗ ಮಳೆಯಲ್ಲಿ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿತಕ್ಕೆ ತರುವುದು ಬಹಳ ಕಷ್ಟ. ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿಗೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಒಳ್ಳೆಯದು.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಲಿ. ಗಾಳಿಯನ್ನು ಟೈರ್ ತಣ್ಣಗಿದ್ದಾಗ, ಸ್ಟಿಕರ್ ಹೇಳಿದಷ್ಟೇ ತುಂಬಿಸಿ. ಪಕ್ಕೆಯ ಮೇಲಿರುವ ಗರಿಷ್ಠ ಅಂಕಿಯಷ್ಟಲ್ಲ. ಮೊದಲ 200 ಕಿ.ಮೀ. ನಿಧಾನ. ಹೊಸ ರಬ್ಬರಿನ ನುಣುಪು ಹೋಗುವವರೆಗೆ ಹಿಡಿತ ಕಡಿಮೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಗಾಲಿಯ ನಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಇನ್ನೊಮ್ಮೆ ನೋಡಿಸಿ, ಸ್ಟೆಪ್ನಿಯ ಗಾಳಿಯನ್ನೂ.