ಹನ್ನೊಂದು ಬೆಲ್ಲದ ಮಂಡಿ, ಒಂದೇ ಸರ್ವರ್

ಮಂಡ್ಯದ ಬೆಲ್ಲದ ಮಾರುಕಟ್ಟೆಯ ಹನ್ನೊಂದು ಮಂಡಿಗಳ ಲೆಕ್ಕ ಈಗ ನಾನು ನೋಡಿಕೊಳ್ಳುವ ಒಂದೇ ಯಂತ್ರದಲ್ಲಿ ನಡೆಯುತ್ತಿದೆ. ಪುಟಗಳನ್ನು ಕೊಡುವ ವೆಬ್ ಸರ್ವರೂ ಅದರಲ್ಲೇ, ದಾಖಲೆಗಳನ್ನು ಇಡುವ ಡೇಟಾಬೇಸೂ ಅದರಲ್ಲೇ. ಕಳೆದ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ತಾನಾಗಿ ಮಲಗಿಲ್ಲ. ಇದೇ ಕಸುಬಿನ ಮೈಸೂರಿನ ಗೆಳೆಯರಿಬ್ಬರು ಮೊದಲೇ ಎಚ್ಚರಿಸಿದ್ದರು: "ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಸಂಕ್ರಾಂತಿಗೆ ಮುಂಚೆ ಮಂಡಿಯವರು ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ." ಮೊದಲ ವರ್ಷ ಅವರು ಹೇಳಿದಂತೆಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ದುಡ್ಡಿನ ಮಾತು ಮೊದಲು. ಮೊದಲು ವೆಬ್ಬಿಗೊಂದು, ಡೇಟಾಬೇಸಿಗೊಂದು ಎಂದು ಇದ್ದ ಎರಡು ಯಂತ್ರಗಳ ಬಾಡಿಗೆ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸಿನಲ್ಲಿತ್ತು. ಒಂದು ಮಂಡಿಯಿಂದ ನನಗೆ ಸಿಗುವುದು 900 ರೂಪಾಯಿ, ಅದೂ ಮೂರು ಸಲ ಹೋಗಿ ಕುಳಿತು ಚಹಾ ಕುಡಿದು ಬಂದ ಮೇಲೆ. ಉಳಿದದ್ದು ಪೆಟ್ರೋಲಿಗೆ ಸರಿಹೋಗುತ್ತಿತ್ತು. ನಾಲ್ಕು ಕೋರ್, 8 ಜಿಬಿ ಮೆಮೊರಿಯ ಒಂದೇ ಯಂತ್ರ 3,200ಕ್ಕೆ ಸಿಕ್ಕಿತು. ಎಲ್ಲವನ್ನೂ ಅದಕ್ಕೆ ಸಾಗಿಸಿದೆ.

ಮೊದಲ ತಪ್ಪು, ಡೇಟಾಬೇಸ್ ತನ್ನ ದತ್ತಾಂಶವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವಾದ ಬಫರ್ ಪೂಲ್‌ನದು. ಮೆಮೊರಿಯ ಮುಕ್ಕಾಲು ಭಾಗ ಕೊಡಿ ಎಂದು ಎಲ್ಲೋ ಓದಿದ್ದೆ, 6 ಜಿಬಿ ಕೊಟ್ಟೆ. ಆ ಮಾತು ಡೇಟಾಬೇಸ್ ಒಂದೇ ಇರುವ ಯಂತ್ರಕ್ಕೆ ಹೇಳಿದ್ದು ಎಂಬುದನ್ನು ಗಮನಿಸಲಿಲ್ಲ. ಇತ್ತ ಪುಟಗಳನ್ನು ತಯಾರಿಸುವ ತಂತ್ರಾಂಶವಾದ ಪಿಎಚ್‌ಪಿಗೆ ಎಂಬತ್ತು ಪ್ರಕ್ರಿಯೆಗಳವರೆಗೆ ಬಿಟ್ಟಿದ್ದೆ, ಒಂದೊಂದೂ 50 ಎಂಬಿ ತಿನ್ನುತ್ತದೆ. 6ಕ್ಕೆ 4 ಸೇರಿದರೆ 10, ಇರುವುದು 8. ಪ್ರಾಥಮಿಕ ಶಾಲೆಯ ಲೆಕ್ಕ. ಸಂಕ್ರಾಂತಿಗೆ ವಾರವಿರುವಾಗ ಹರಾಜು ಮುಗಿದು ಎಲ್ಲ ಮಂಡಿಗಳವರೂ ಒಟ್ಟಿಗೆ ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಹಾಕಲು ಕುಳಿತರು. ಮೆಮೊರಿ ಮುಗಿದಾಗ ಯಂತ್ರದ ಕರ್ನಲ್ (ಅದರ ಮೂಲ ತಂತ್ರಾಂಶ) ಅತಿ ದಪ್ಪನೆಯ ಪ್ರಕ್ರಿಯೆಯನ್ನು ಹುಡುಕಿ ಕೊಲ್ಲುತ್ತದೆ. ದಪ್ಪಗಿದ್ದದ್ದು ನನ್ನ ಡೇಟಾಬೇಸ್ ಆದ ಮೈಎಸ್‌ಕ್ಯುಎಲ್. ಗಾಡಿಯಲ್ಲಿ ಅಚ್ಚು ಬೆಲ್ಲ ತಂದ ರೈತರು ಕಾಯುತ್ತಿದ್ದಾರೆ, ಪರದೆಯ ಮೇಲೆ ಬರೀ ದೋಷದ ಸಂದೇಶ. ಒಬ್ಬ ಯಜಮಾನರು ಫೋನ್ ಮಾಡಿ "ಸ್ವಾಮಿ, ನಮ್ಮ ಹಳೆಯ ಕೆಂಪು ಪುಸ್ತಕ ಎಂದೂ ಕೈಕೊಟ್ಟಿರಲಿಲ್ಲ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ರಾತ್ರಿ 4 ಜಿಬಿ ಸ್ವಾಪ್ ಹಾಕಿದೆ, ಅಂದರೆ ಮೆಮೊರಿ ಸಾಲದಾಗ ಡಿಸ್ಕನ್ನೇ ಬಳಸುವ ಏರ್ಪಾಡು. ಅದು ಇನ್ನೂ ಕೆಟ್ಟ ಮದ್ದು. ಸತ್ತರೆ ಎರಡು ನಿಮಿಷದಲ್ಲಿ ಎದ್ದು ಬರುತ್ತಿತ್ತು, ಈಗ ಸಾಯದೆ ತೆವಳತೊಡಗಿತು. ಒಂದು ಪಟ್ಟಿಗೆ ನಲವತ್ತು ಸೆಕೆಂಡು! ಎರಡು ಮಂಡಿಗಳು ಆ ತಿಂಗಳ ಹಣ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬುದ್ಧಿ ಬಂದದ್ದು ಊರಿನ ಗದ್ದೆಯ ಬಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಕಟ್ಟು ನೀರು, ಅಂದರೆ ಸರದಿಯ ನೀರು, ಬಿಟ್ಟಿದ್ದರು. ಮೇಲಿನವನು ತೂಬು ತೆರೆದಿಟ್ಟು ಮಲಗಿದರೆ ಕೊನೆಯ ಗದ್ದೆಗೆ ಹನಿಯೂ ಬರುವುದಿಲ್ಲ. ನನ್ನ ಯಂತ್ರದಲ್ಲಿ ಮೇಲಿನ ಗದ್ದೆ ಪಿಎಚ್‌ಪಿ, ಅದರ ತೂಬನ್ನು ನಾನೇ ತೆರೆದಿಟ್ಟಿದ್ದೆ. ಪ್ರಕ್ರಿಯೆಗಳನ್ನು ಎಂಬತ್ತರಿಂದ 24ಕ್ಕೆ ಇಳಿಸಿದೆ. "ಇಪ್ಪತ್ತನಾಲ್ಕು ಯಾವ ಮೂಲೆಗೆ?" ಎಂದು ಗೆಳೆಯರು ನಕ್ಕರು. ಇರುವುದೇ ನಾಲ್ಕು ಕೋರ್, ಎಂಬತ್ತನ್ನು ಬಿಟ್ಟರೂ ಒಮ್ಮೆಗೆ ದುಡಿಯುವವು ನಾಲ್ಕೇ. ಮಿಕ್ಕವು ಮೆಮೊರಿ ಹಿಡಿದು ಕೂರುವುದಕ್ಕಿಂತ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನ ಬಾಗಿಲಲ್ಲಿ ಸಾಲು ನಿಲ್ಲಲಿ. ನನ್ನ ದತ್ತಾಂಶವೆಲ್ಲ ಸೇರಿದರೂ 2 ಜಿಬಿ ದಾಟುವುದಿಲ್ಲ, ಆದ್ದರಿಂದ ಬಫರ್ ಪೂಲ್ ಎರಡೂವರೆ ಜಿಬಿ ಸಾಕಾಯಿತು. ಡೇಟಾಬೇಸಿಗೆ ಒಮ್ಮೆಗೆ ಬರಬಹುದಾದ ಸಂಪರ್ಕಗಳ ಮಿತಿ ಮೂಲದಲ್ಲಿ 151 ಇರುತ್ತದೆ, 40ಕ್ಕೆ ತಂದೆ. ಎರಡು ಜಿಬಿಗೂ ಹೆಚ್ಚು ಮೆಮೊರಿ ಈಗ ಸದಾ ಉಳಿದಿರುತ್ತದೆ.

ಇದಾದ ಮೇಲೆ ಒಟ್ಟಿಗಿರುವುದರ ಲಾಭ ಕಣ್ಣಿಗೆ ಕಂಡಿತು. ನನ್ನ ಪಟ್ಟಿಯ ಪುಟ ಡೇಟಾಬೇಸನ್ನು ಮೂವತ್ತು ನಲವತ್ತು ಸಲ ಕೇಳುತ್ತದೆ (ಬರೆದವನು ನಾನೇ, ಯಾರನ್ನು ಬೈಯಲಿ?). ಎರಡು ಯಂತ್ರಗಳಿದ್ದಾಗ ಪ್ರತಿ ಪ್ರಶ್ನೆಗೂ ದಾರಿಖರ್ಚು ಒಂದು ಮಿಲಿಸೆಕೆಂಡಿನಷ್ಟಿತ್ತು. ಈಗ ಯಂತ್ರದೊಳಗಿನ ಹಾದಿಯಾದ ಸಾಕೆಟ್ ಮೂಲಕ ಮಾತು ಅಲ್ಲಲ್ಲೇ ಮುಗಿಯುತ್ತದೆ. ಡೇಟಾಬೇಸಿನ ಜಾಲದ ಬಾಗಿಲಾದ 3306 ಹೊರಗಿನವರಿಗೆ ಮುಚ್ಚಿದೆ.

ಎರಡನೆಯ ಪೆಟ್ಟು ಆಷಾಢದಲ್ಲಿ, ವ್ಯಾಪಾರವೇ ತಣ್ಣಗಿದ್ದಾಗ ಬಿತ್ತು. ಡಿಸ್ಕ್ ತುಂಬಿತು. ಮೈಎಸ್‌ಕ್ಯುಎಲ್ 8 ಪ್ರತಿ ಬದಲಾವಣೆಯನ್ನೂ ದಾಖಲಿಸುವ ಬೈನರಿ ಲಾಗ್‌ಗಳನ್ನು ತಾನಾಗಿಯೇ ಬರೆದು ಮೂವತ್ತು ದಿನ ಇಟ್ಟುಕೊಳ್ಳುತ್ತದೆ, ಎಂಜಿನ್‌ಎಕ್ಸ್‌ನ ಲಾಗ್‌ಗಳೂ ಅದೇ ಡಿಸ್ಕಿನಲ್ಲಿದ್ದವು. ಬೈನರಿ ಲಾಗ್ ಮೂರು ದಿನಕ್ಕೆ ಇಳಿಸಿ, ವೆಬ್ ಲಾಗ್‌ಗಳಿಗೆ ಬೇರೆ ಪಾರ್ಟಿಷನ್ ಮಾಡಿದೆ.

ನಿಧಾನವಾದ ಪ್ರಶ್ನೆಗಳ ಲಾಗನ್ನು ಒಂದು ಸೆಕೆಂಡಿಗೆ ಇಡಿ. ಮೂಲದ ಹತ್ತು ಸೆಕೆಂಡಿನಲ್ಲಿ ಯಾವ ಕಳ್ಳನೂ ಸಿಗುವುದಿಲ್ಲ. ನನಗೆ ಸಿಕ್ಕಿದ್ದು ರೈತರ ಮುಂಗಡ ಬಾಕಿಯ ವರದಿ. ಒಂಬತ್ತು ಲಕ್ಷ ಸಾಲುಗಳನ್ನು ಪ್ರತಿ ಸಲ ಮೊದಲಿನಿಂದ ಓದುತ್ತಿತ್ತು. ರೈತ ಮತ್ತು ದಿನಾಂಕ ಸೇರಿಸಿ ಒಂದು ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿದೆ, ಏಳು ಸೆಕೆಂಡು ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಯಿತು.

ನಡುವೆ ಒಂದು ಹುಚ್ಚಾಟವನ್ನೂ ಆಡಿದೆ. ಪ್ರತಿ ವಹಿವಾಟಿಗೂ ಡಿಸ್ಕಿಗೆ ಬರೆಯುವ ಬದಲು ಸೆಕೆಂಡಿಗೊಮ್ಮೆ ಬರೆಯುವಂತೆ ಡೇಟಾಬೇಸಿನೊಳಗಿನ ಸಂಗ್ರಹ ಭಾಗವಾದ ಇನ್ನೊಡಿಬಿಯ ಒಂದು ಆಯ್ಕೆಯನ್ನು 1ರಿಂದ 2ಕ್ಕೆ ಬದಲಿಸಿದೆ. ವೇಗ ಹೆಚ್ಚಿತು. ಆದರೆ ಯಂತ್ರ ಏಕಾಏಕಿ ನಿಂತರೆ ಕೊನೆಯ ಒಂದು ಸೆಕೆಂಡಿನ ಪಟ್ಟಿ ಹೋಗುತ್ತದೆ. ಆ ಸೆಕೆಂಡಿನಲ್ಲಿ ಒಬ್ಬರ ಒಂದು ಗಾಡಿ ಬೆಲ್ಲದ ಹಣವಿರಬಹುದು. ಮೂರನೆಯ ದಿನ 1ಕ್ಕೆ ವಾಪಸ್ ತಂದೆ.

ಬೆಲೆಯ ಫಲಕದ ಪುಟವನ್ನು ಎಲ್ಲರೂ ದಿನವಿಡೀ ನೋಡುತ್ತಲೇ ಇರುತ್ತಾರೆ. ಅದು ಈಗ ಡೇಟಾಬೇಸನ್ನು ಮುಟ್ಟುವುದೇ ಇಲ್ಲ. ನಿಮಿಷಕ್ಕೊಮ್ಮೆ ಒಂದು ಕಡತವಾಗಿ ಬರೆದಿಡುತ್ತೇನೆ. ಹರಾಜಿನ ಹೊತ್ತಿಗೆ ಮುಂಚೆಯೇ ಯಂತ್ರವನ್ನು ಬೆಚ್ಚಗೆ ಮಾಡಿಡುವ ಇನ್ನೊಂದು ಉಪಾಯವೂ ಇದೆ. ಅದನ್ನು ಇಲ್ಲಿ ಬರೆದರೆ ನನ್ನ 900 ರೂಪಾಯಿ 600ಕ್ಕೆ ಇಳಿಯುತ್ತದೆ.

ಒಂದು ಯಂತ್ರ ಹೋದರೆ ಎರಡೂ ಹೋಗುತ್ತವೆ, ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರಾತ್ರಿ ಎರಡು ಗಂಟೆಗೆ ದತ್ತಾಂಶದ ಪ್ರತಿ ತೆಗೆದು ಬೇರೆ ಊರಿನ ಯಂತ್ರಕ್ಕೆ ಕಳುಹಿಸುತ್ತೇನೆ, ತಿಂಗಳಿಗೊಮ್ಮೆ ಅದನ್ನು ಹೊಸ ಯಂತ್ರದಲ್ಲಿ ಎಬ್ಬಿಸಿ ನೋಡುತ್ತೇನೆ. ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಕೊನೆಯ ಪ್ರತಿಯ ನಂತರ ಹಾಕಿದ ಪಟ್ಟಿಗಳನ್ನು ಮಾತ್ರ ಕೈಯಲ್ಲಿ ಮತ್ತೆ ಹತ್ತಿಸಬೇಕಾಗುತ್ತದೆ. ಅದಕ್ಕೆಂದೇ ಆ ಯಜಮಾನರಿಗೆ ಕೆಂಪು ಪುಸ್ತಕವನ್ನು ಇನ್ನೂ ಬರೆಯುತ್ತಿರಿ ಎಂದು ಹೇಳಿದ್ದೇನೆ. ಅವರು ಬಿಟ್ಟೇ ಇರಲಿಲ್ಲವಂತೆ.