ಆಫೀಸ್ ಬಿಟ್ಟ ಮ್ಯಾಲೆ ಬಡಿಗತನ ಮಾಡೋರು ಮೈಮ್ಯಾಲೆ ಏನ್ ಹಾಕ್ಕೋಬೇಕು

ನಮ್ ಹುಬ್ಬಳ್ಳಿ-ಧಾರವಾಡ ಕಡೆ ಸಂಜೀಕ ಮನಿಗೆ ಬಂದ ಮನಷ್ಯಾ ಮೊದಲ ಮಾಡೋದ ಪ್ಯಾಂಟ್ ಬಿಚ್ಚಿ ಗೂಟಕ್ಕ ಹಾಕೋದು, ಆಮ್ಯಾಲೆ ಲುಂಗಿ ಇಲ್ಲಾ ಬರ್ಮುಡಾ, ಮ್ಯಾಲೊಂದು ಜೋತಾಡೋ ಬನೀನು ಇಲ್ಲಾಂದ್ರ ಯಾವ್ದೋ ಇಲೆಕ್ಷನ್ನಿನ್ಯಾಗ ಪುಕ್ಕಟ ಸಿಕ್ಕ ಟೀಶರ್ಟು, ಕಾಲಾಗ ಹವಾಯಿ ಚಪ್ಲಿ. ಚಾ ಕುಡದು ಹಂಗ ಮಾಳಗಿ ಮ್ಯಾಲೋ ಹಿತ್ತಲದಾಗೋ ಇಟ್ಕೊಂಡಿರೋ ಕಟ್ಟಿಗಿ ದಗದಕ್ಕ ನಿಂತುಬಿಡ್ತಾರ. ತ್ರಾಸ್ ಶುರು ಆಗೋದ ಅಲ್ಲಿಂದ. ಮನಿ ಅರಿವಿ ಆರಾಮ ಅನಸೋದು ಅವು ಸಡ್ಲ ಇರ್ತಾವ ಅಂತ, ತಿರಗೋ ಮಶೀನಿಗೆ ಹಿಡಕೊಳ್ಳಾಕ ಬೇಕಾಗಿದ್ದೂ ಅದ.

"ಅಲ್ರಿ, ದಿನಾ ಕೆಲಸ ಮಾಡೋ ಬಡಿಗ್ಯಾರು ಲುಂಗಿ ಮ್ಯಾಲೆನ ಮಾಡ್ತಾರಲ್ಲ" ಅಂತ ಹೇಳೋರು ಭಾಳ ಮಂದಿ ಅದಾರ. ಮಾಡ್ತಾರ, ಖರೇ. ಅವ್ರ ಕೈಗೆ ರೂಢಿ ಐತಿ, ಮುಂಜಾನಿ ಎಚ್ಚರ ಇರೋ ಹೊತ್ತಿನ್ಯಾಗ ಮಾಡ್ತಾರ, ನಾವು ದಿನಪೂರ್ತಿ ಕಂಪ್ಯೂಟರ್ ನೋಡಿ ಕಣ್ಣು ಸೋತ ಮ್ಯಾಲೆ ಲೈಟ್ ಹಚ್ಕೊಂಡು ಮಾಡ್ತೀವಿ. ಅಷ್ಟಾದ್ರೂ ವಯಸ್ಸಾದ ಬಡಿಗ್ಯಾರ ಗುಂಪಿನ್ಯಾಗ ಕುಂತಾಗ ಒಮ್ಮೆ ಬೆರಳು ಎಣಿಸಿ ನೋಡ್ರಿ.

ನಾ ಹೇಳೋದು ಇಷ್ಟ, ಇವತ್ತು ಕೈಯಾಗ ಹಿಡಿಯೋ ಹತ್ಯಾರ ಯಾವ್ದು ಅನ್ನೋದು ನೋಡಿ ಅರಿವಿ ಹಾಕ್ಕೋರಿ, ಯಾವ ಅರಿವಿ ಹಳೇದಾಗೇತಿ ಅಂತ ನೋಡಿ ಅಲ್ಲ. ದಗದದ ಅರಿವಿ ಒಂದ್ ಜೋಡಿ ಬ್ಯಾರೆನ ಮಾಡಿ ಮಶೀನ್ ಇರೋ ಜಾಗಾದಾಗನ ಗೂಟಕ್ಕ ಹಾಕಿಡ್ರಿ, ಮನಿ ಕಪಾಟಿನ್ಯಾಗ ಇಟ್ರ ಸಂಜೀ ಮುಂದ ಅದನ್ನ ಯಾರ್ ಹುಡಕ್ತಾರ.

ಬರೇ ಕೈಹತ್ಯಾರದ ಕೆಲಸ ಇದ್ರ, ಅಂದ್ರ ರಂದಾ ಹೊಡಿಯೋದು, ಉಳಿ ಕೊಡತಿ, ಕೈಗರಗಸ, ಇದಕ್ಕ ಭಾಳ ಕಟ್ಟುನಿಟ್ಟು ಬೇಕಾಗಿಲ್ಲ. ಲುಂಗಿ ಉಟ್ಕೊಂಡ್ರೂ ನಡೀತೈತಿ, ಮ್ಯಾಲೆತ್ತಿ ಗಟ್ಟಿ ಕಟ್ಕೊಂಡ್ರ ಸಾಕು. ಆದ್ರ ಬರ್ಮುಡಾ ಹಾಕ್ಕೊಂಡು ನೆಲದ ಮ್ಯಾಲೆ ಕುಂತು ಕಟ್ಟಿಗಿ ತೊಡಿ ಮ್ಯಾಲೆ ಇಟ್ಕೊಂಡು ಉಳಿ ಒತ್ತೋ ಚಾಳಿ ಇದ್ರ ಬಿಡ್ರಿ, ಚಲೋ ಮಸೆದ ಉಳಿ ಜಾರಿದ್ರ ಚರ್ಮ ಅಂತ ನೋಡಂಗಿಲ್ಲ. ಇನ್ನ ಬೆಂಚಿನ ಮ್ಯಾಲಿಂದ ಉಳಿ ಉಳ್ಳಿ ಬಿದ್ರ ಭಾರ ಇರೋ ಕಬ್ಬಿಣದ ಕಡೆನ ಕೆಳಗ ಮಾಡ್ಕೊಂಡು ಬರ್ತೈತಿ, ಅಲ್ಲಿ ನಿಮ್ಮ ಹವಾಯಿ ಚಪ್ಲಿ ಒಳಗಿನ ಹೆಬ್ಬೆರಳು ಇರ್ತೈತಿ.

ಕರೆಂಟಿನ ಮಶೀನ್ ಕೈಗೆ ಬಂತಂದ್ರ ಲೆಕ್ಕಾನ ಬ್ಯಾರೆ. ಸಾದಾ ಡ್ರಿಲ್ ಮಶೀನ್ ತಗೋರಿ, ನಿಮಿಷಕ್ಕ 3000 ಸುತ್ತಿನ ಆಸುಪಾಸು ತಿರಗ್ತೈತಿ, ಅಂದ್ರ ಸೆಕೆಂಡಿಗೆ 50 ಸುತ್ತು. 10 ಮಿಲಿಮೀಟರ್ ಬಿಟ್ ಇದ್ರ ಒಂದು ಸುತ್ತಿಗೆ 31 ಮಿಲಿಮೀಟರ್ ದಾರ ಸುತ್ಕೋತೈತಿ, ಸೆಕೆಂಡಿಗೆ ಒಂದೂವರೆ ಮೀಟರ್ ಆತು. ಏನೋ ಜಗ್ಗಾಕತ್ತೈತಿ ಅಂತ ನಿಮ್ಮ ತಲಿಗೆ ಹೊಳದು ಬೆರಳು ಸ್ವಿಚ್ ಬಿಡೋದ್ರಾಗ ಕಾಲು ಸೆಕೆಂಡ್ ಹಿಡದ್ರೂ ಸುಮಾರು ಒಂದು ಮೊಳ ಅರಿವಿ ಒಳಗ ಹೋಗಿರ್ತೈತಿ, ಅದೂ ಸ್ವಿಚ್ ಬಿಟ್ಟ ತಕ್ಷಣ ನಿಂತ್ರ. ಇದು ಡ್ರಿಲ್ಲಿನ ಕತಿ. ಬಡಿಗ್ಯಾರು ಪ್ಲೈವುಡ್ ಕೊಯ್ಯಾಕ ಬಳಸೋ 4 ಇಂಚಿನ ಮಾರ್ಬಲ್ ಕಟ್ಟರ್ ನಿಮಿಷಕ್ಕ 12,000 ಸುತ್ತು ದಾಟ್ತೈತಿ, ಹಲಗಿ ಅಂಚು ಸವರೋ ಸಣ್ಣ ಟ್ರಿಮ್ಮರ್ ಅಂತೂ 30,000ದ ತನಕ ಹೋಗ್ತೈತಿ. (ಮಾರ್ಬಲ್ ಕಟ್ಟರಿಗೆ ಕಟ್ಟಿಗಿ ಬ್ಲೇಡ್ ಹಾಕೋದ ತಪ್ಪು, ಅದು ಕಲ್ಲಿಗೆ ಮಾಡಿದ್ದು, ಆದ್ರ ಅದು ಇವತ್ತಿನ ಜಗಳ ಅಲ್ಲ.)

ಹಂಗಾಗಿ ಮಶೀನ್ ದಿನಕ್ಕ ಅರಿವಿ ಹಿಂಗಿರ್ಲಿ. ಮೈಗೆ ಹತ್ತಿ ಕೂಡೋ ಅರ್ಧ ತೋಳಿನ ಹತ್ತಿ ಟೀಶರ್ಟು, ಟೈಟ್ ಆಗಿ ಉಸಿರು ಕಟ್ಟೋವಂಥದ್ದಲ್ಲ, ಆದ್ರ ಹೊಟ್ಟಿ ಮುಂದ ಹಿಡದು ಜಗ್ಗಿದ್ರ ಮುಷ್ಠಿ ತುಂಬ ಬರಬಾರದು. ಪೂರ್ತಿ ತೋಳಿನ ಅಂಗಿನ ಬೇಕಂದ್ರ ಮೊಣಕೈ ಮ್ಯಾಲ್ತನಕ ಮಡಚ್ರಿ, ಮಡಿಕಿ ಒಳಮುಖ ಇರ್ಲಿ, ಹೊರಗ ಮಡಚಿದ್ರ ಅದರಾಗ ಹುಡಿ ತುಂಬಿ ಅಂಚು ಎಲ್ಲೆರ ಸಿಗಬೀಳ್ತೈತಿ. ಕೆಳಗ ಹಳೇ ಹತ್ತಿ ಪ್ಯಾಂಟು ಇಲ್ಲಾ ಜೀನ್ಸು, ಹರದು ನೂಲು ಜೋತಾಡ್ತಿದ್ರ ಕತ್ರಿ ತಗೊಂಡು ಕತ್ತರಿಸ್ರಿ. ಟ್ರ್ಯಾಕ್ ಪ್ಯಾಂಟ್ ಹಾಕ್ಕೊಳ್ಳೋರು ಟೊಂಕದ ಲಾಡಿ ಒಳಗ ಸೇರಿಸ್ರಿ, ಮತ್ತ ಅದು ಪಾಲಿಸ್ಟರ್ ಇದ್ರ ಗ್ರೈಂಡರ್ ಹಚ್ಚೋ ದಿನ ಬ್ಯಾಡ, ಕಿಡಿ ಬಿದ್ರ ಹತ್ತಿ ಅರಿವಿ ತೂತ ಬೀಳ್ತೈತಿ, ಪಾಲಿಸ್ಟರ್ ಕರಗಿ ಚರ್ಮಕ್ಕ ಹತ್ಕೋತೈತಿ. ಡಿಸೆಂಬರ್ ಥಂಡ್ಯಾಗ ಧಾರವಾಡದ ಮಂದಿ ಮಫ್ಲರ್ ಸುತ್ಕೊಂಡು ನಿಂದ್ರತಾರ, ಅದನ್ನ ಖಂಡಿತ ತಗದಿಡ್ರಿ, ಥಂಡಿ ಆದ್ರ ಒಳಗ ಥರ್ಮಲ್ ಹಾಕ್ಕೋರಿ. ಹೆಣ್ಮಕ್ಕಳಿಗೂ ಇದ ಮಾತು, ಓಢಣಿ ಬಾಗಲದಾಚೆ, ಸೆರಗಿನ ಸೀರಿ ಬ್ಯಾಡ ಚೂಡಿದಾರ ಇರ್ಲಿ, ಕುಡತಾ ಮೊಣಕಾಲಿಗಿಂತ ಕೆಳಗ ಇಳಿಯೋದು ಬ್ಯಾಡ, ಜಡಿ ಬಿಡಬ್ಯಾಡ್ರಿ ತುರುಬು ಕಟ್ಟಿ ಮ್ಯಾಲೆ ಟೊಪಗಿ ಹಾಕ್ರಿ. ಉದ್ದ ಕೂದ್ಲಾ ಬಿಡೋ ಹುಡುಗರಿಗೂ ಅಷ್ಟ.

ಇನ್ನ ಮೈಮ್ಯಾಲಿನ ದಾರಗಳು. ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ಯಾಕಂದ್ರ ದೇವರ ವಿಷಯ. ಆದ್ರ ನಮ್ ಕಡೆ ಮೈಮ್ಯಾಲೆ ಎಷ್ಟು ದಾರ ಇರ್ತಾವ ನೋಡ್ರಿ, ಶಿವದಾರ, ಜನಿವಾರ, ತಾಳಿ, ಕೈಗೆ ಕಟ್ಟಿದ ಕೆಂಪು ದಾರ, ಜಾತ್ರಿಯಾಗ ಹಾಕ್ಕೊಂಡ ತಾಮ್ರದ ಕಡಗ, ಬೆರಳಾಗ ಹರಳಿನ ಉಂಗುರ. ಕೊರಳಾಗಿನ ಶಿವದಾರ, ಜನಿವಾರ, ತಾಳಿ ತಗೀರಿ ಅಂತ ನಾ ಹೇಳೂದಿಲ್ಲ, ಅಂಗಿ ಒಳಗ ಬನೀನಿನೊಳಗ ಸೇರಿಸಿ ಬಿಟ್ರಾತು, ಬಗ್ಗಿದಾಗ ಹೊರಗ ಬರದಂಗ ಕೊರಳು ಮುಚ್ಚಿದ ಬನೀನು ಇದ್ರ ಇನ್ನೂ ಚಲೋ. ಆದ್ರ ಕೈಯಾಗಿಂದು ಮಾತ್ರ ಬಿಚ್ಚಿಡಲೇಬೇಕು. ಉಂಗುರ, ಕಡಗ, ವಾಚು, ಬಳಿ ಎಲ್ಲಾ. ಕೈದಾರ ಬಿಚ್ಚಾಕ ಮನಸ್ಸು ಬರಲಿಲ್ಲ ಅಂದ್ರ ತುದಿ ಸಣ್ಣಗ ಕತ್ತರಿಸಿ ಮ್ಯಾಲೆ ಮೈಗೆ ಹತ್ತೋ ರಿಸ್ಟ್ ಬ್ಯಾಂಡ್ ಹಾಕ್ರಿ.

ಹ್ಯಾಂಡ್ ಗ್ಲೌಸ್ ವಿಷಯದಾಗ ಹೊಸಬರು ಉಲ್ಟಾ ತಿಳ್ಕೊಂಡಿರ್ತಾರ. ಟೇಬಲ್ ಸಾ, ಡ್ರಿಲ್, ಕಟ್ಟಿಗಿ ಕೊರಿಯೋ ರೌಟರ್, ಕಟ್ಟಿಗಿ ತಿರುವೋ ಲೇಥ್ ಮುಂದ ಗ್ಲೌಸ್ ಹಾಕ್ಕೋಬಾರದು. ಬರೀ ಬೆರಳು ತಾಕಿದ್ರ ಗಾಯ ಆಗ್ತೈತಿ, ಗ್ಲೌಸ್ ತಾಕಿದ್ರ ಅದು ಪೂರ್ತಿ ಕೈನ ಒಳಗ ಎಳಕೋತೈತಿ. ಹಲಗಿ ಇಳಸುವಾಗ, ಸೀಳು ಇರೋ ಹಳೇ ಕಟ್ಟಿಗಿ ಎತ್ತುವಾಗ, ಪಾಲಿಶ್ ಹಚ್ಚುವಾಗ ಹಾಕ್ಕೋರಿ, ಸ್ವಿಚ್ ಹಚ್ಚೋ ಮುಂಚೆ ತಗೀರಿ.

ಏಪ್ರನ್ ಬೇಕೋ ಬ್ಯಾಡೋ? ಬೇಕು ಅಂತೀನಿ, ಮುಖ್ಯ ಅಂದ್ರ ಅದು ಅಂಗಿಯ ಸಡ್ಲ ಭಾಗ ಎಲ್ಲಾ ಒತ್ತಿ ಹಿಡಿತೈತಿ, ಕಿಸೆ ಸಿಗ್ತೈತಿ ಅನ್ನೋದು ಆಮ್ಯಾಲಿನ ಮಾತು. ಆನ್‌ಲೈನ್ ಸಿಗೋ ಚರ್ಮದ ಏಪ್ರನ್ ಫೋಟೋದಾಗ ಭಾಳ ಚಂದ ಕಾಣ್ತಾವ, ಹುಬ್ಬಳ್ಳಿ ಏಪ್ರಿಲ್ ಮೇ ಬಿಸಲಾಗ ಪತ್ರಾಸ್ ಶೆಡ್ಡಿನ ಕೆಳಗ ಅದನ್ನ ಹಾಕ್ಕೊಂಡ್ರ ಅರ್ಧ ತಾಸಿನ್ಯಾಗ ನೀವ ಬಿಚ್ಚಿ ಒಗೀತೀರಿ. ದಪ್ಪ ಹತ್ತಿ ಕ್ಯಾನ್ವಾಸ್ ಇಲ್ಲಾ ದಪ್ಪ ಖಾದಿ ತಗೊಂಡು ಓಣಿ ಟೇಲರ್ ಕಡೆ ಹೊಲಸ್ರಿ. ರಾಷ್ಟ್ರಧ್ವಜ ಮಾಡೋ ಬೆಂಗೇರಿ ಖಾದಿ ಸಂಘ ನಮ್ಮ ಹುಬ್ಬಳ್ಳ್ಯಾಗ ಐತಿ, ಗರಗದ ನೇಕಾರಿಕಿ ಧಾರವಾಡದ ಪಕ್ಕದಾಗ ಐತಿ, ಖಾದಿ ಹುಡುಕ್ಕೊಂಡು ದೂರ ಹೋಗೋದೇನ ಬಂತು. ಹೊಲಸೋ ಮುಂಚೆ ಬಟ್ಟಿ ಒಂದ್ ರಾತ್ರಿ ನೀರಾಗ ನೆನಸ್ರಿ, ಇಲ್ಲಾಂದ್ರ ಮೊದಲ ಒಗ್ಯಾಣಕ್ಕ ಕುಗ್ತೈತಿ. ಟೇಲರ್‌ಗೆ ಹೇಳೋದು ಇಷ್ಟ, ಪಟ್ಟಿ ಕೊರಳಿಗೆ ಬ್ಯಾಡ, ಬೆನ್ನ ಮ್ಯಾಲೆ ಅಡ್ಡಡ್ಡ ಹಾಯ್ದು ಹೋಗ್ಲಿ, ಕೊರಳಿಗೆ ಹಾಕಿದ್ರ ಸಂಜೀಕ ಕುತಗಿ ನೋಯ್ತೈತಿ. ಲಾಡಿ ಗಂಟು ಹಿಂದ ಬರ್ಲಿ, ಮುಂದ ಬ್ಯಾಡ. ಎದಿ ಕಿಸೆಗೆ ಮುಚ್ಚಳ ಇರ್ಲಿ, ಇಲ್ಲಾಂದ್ರ ಪೆನ್ಸಿಲ್ ಹುಡುಕಾಕ ಕೈ ಹಾಕಿದಾಗೊಮ್ಮೆ ಹಿಡಿ ಹುಡಿ ಸಿಗ್ತೈತಿ. ಉದ್ದ ಮೊಣಕಾಲ ತನಕ ಸಾಕು. ಇನ್ನ ಕೆಲವ್ರು ಬಾಯ್ಲರ್ ಸೂಟ್, ಅಂದ್ರ ಅಂಗಿ ಪ್ಯಾಂಟ್ ಕೂಡಿಸಿ ಹೊಲದ ಒಂದ ಅರಿವಿ, ಕೇಳ್ತಾರ, 1880ರ ದಶಕದಿಂದ ರೈಲ್ವೆ ವರ್ಕ್‌ಶಾಪ್ ಇರೋ ಊರು ನಮ್ದು, ಆಸೆ ಆಗೋದು ಸಹಜ. ಆದ್ರ ತಾಸೆರಡು ತಾಸಿನ ಹವ್ಯಾಸಕ್ಕ ಅಷ್ಟು ಬ್ಯಾಡ, ಸೆಕಿಗೆ ಜೀವ ಹೋಗ್ತೈತಿ.

ಕಾಲಿಗೆ ಬೂಟು. ಇಂಡಸ್ಟ್ರಿಯಲ್ ಸಾಮಾನಿನ ಅಂಗಡ್ಯಾಗ ಸ್ಟೀಲ್ ಟೋ ಸೇಫ್ಟಿ ಶೂ ಸಿಗ್ತಾವ, ಒಳಗ ಐಎಸ್ 15298 (ಭಾರತೀಯ ಮಾನಕದ ನಂಬರ್) ಅಂತ ಇರೋದು ನೋಡ್ರಿ. ಅದರ ಮೂತಿ 200 ಜೂಲ್ ಪೆಟ್ಟು ತಡೀಬೇಕಂತ ಲೆಕ್ಕ, ಅಂದ್ರ 20 ಕಿಲೋ ಸಾಮಾನು ಒಂದು ಮೀಟರ್ ಮ್ಯಾಲಿಂದ ಬಿದ್ದಂಗ. ಅದಾಗಲಿಲ್ಲ ಅಂದ್ರ ಹಳೇ ಚರ್ಮದ ಬೂಟರ ಹಾಕ್ಕೋರಿ, ಜಾಳಿಗಿ ಇರೋ ಸ್ಪೋರ್ಟ್ಸ್ ಶೂ ಒಳಗ ಹುಡಿ ತುಂಬ್ತೈತಿ.

ಕಣ್ಣಿಗೆ ಹಾಕೋ ನಂಬರ್ ಚಷ್ಮಾ ಸೇಫ್ಟಿ ಚಷ್ಮಾ ಅಲ್ಲ, ಬಾಜೂಕ ಪೂರ್ತಿ ಬಯಲು ಇರ್ತೈತಿ. ಅದರ ಮ್ಯಾಲೆ ಹಾಕ್ಕೊಳ್ಳೋ ಪಾಲಿಕಾರ್ಬೊನೇಟ್ ಗಾಗಲ್ ಸಿಗ್ತಾವ, ಭಾಳ ರೊಕ್ಕ ಇಲ್ಲ. ಲೇಥ್ ಮ್ಯಾಲೆ ಬುಗರಿ ಲಟ್ಟಣಗಿ ತಿರುವೋ ಶೋಕಿ ಇದ್ರ ಮುಖ ಪೂರ್ತಿ ಮುಚ್ಚೋ ಶೀಲ್ಡ್ ಬೇಕ ಬೇಕು. ಕಿವಿಗೆ ಇಯರ್ ಮಫ್. ದುಡಿಯೋರ ಆರೋಗ್ಯದ ಬಗ್ಗೆ ಅಭ್ಯಾಸ ಮಾಡೋ ಅಮೆರಿಕಾದ ನಯೋಶ್ ಸಂಸ್ಥೆ ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದು ದಿನಕ್ಕ 8 ತಾಸು ತನಕ ನಡೀತೈತಿ, ಆಮ್ಯಾಲೆ 3 ಡೆಸಿಬೆಲ್ ಏರಿದಂಗೆಲ್ಲಾ ಟೈಮ್ ಅರ್ಧ ಆಗ್ತೈತಿ, 100ಕ್ಕ ಹೋದ್ರ ಬರೇ 15 ನಿಮಿಷ. ಸರ್ಕ್ಯುಲರ್ ಗರಗಸ, ಕಟ್ಟರ್ ಎಲ್ಲಾ ಆ 100ರ ಸುತ್ತಮುತ್ತಿನವು. ಕಿವ್ಯಾಗ ಇಯರ್ ಬಡ್ ಸಿಗಿಸಿ ಹಾಡು ಹಚ್ಕೊಳ್ಳೋದು ಇದಕ್ಕ ಬದಲಿ ಅಲ್ಲ, ಸದ್ದಿನ ಮ್ಯಾಲೆ ಇನ್ನೊಂದು ಸದ್ದು ಹೇರಿದಂಗ. ವೈರ್ ಇರೋದಂತೂ ಬ್ಯಾಡ್ರಿ ಮಾರಾಯ್ರ.

ಮಾಸ್ಕ್ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಬೆರಳಿನ ಗಾಯ ಅವತ್ತ ಕಾಣ್ತೈತಿ, ಧೂಳಿನದು ವರ್ಷಗಟ್ಟಲೆ ಕಾಣಂಗಿಲ್ಲ. ಸ್ಯಾಂಡರ್ ಹಚ್ಚಿದ ಅರ್ಧ ತಾಸಿಗೆ ಗಿರಣಿಯಿಂದ ಬಂದೋರಂಗ ಹುಬ್ಬು ಬೆಳ್ಳಗಾಗಿರ್ತಾವ, ಅದು ದಪ್ಪ ಧೂಳು, ಕಣ್ಣಿಗೆ ಕಾಣ್ತೈತಿ, ಅದೂ ಮೂಗಿನ್ಯಾಗ ಕೂಡ್ತೈತಿ. ಕಣ್ಣಿಗೆ ಕಾಣದ ಸಣ್ಣ ಧೂಳು ಮಶೀನ್ ಬಂದ್ ಆದ ಮ್ಯಾಲೂ ತಾಸುಗಟ್ಟಲೆ ಗಾಳ್ಯಾಗ ಇರ್ತೈತಿ, ಅದು ಒಳಗ ಹೋಗ್ತೈತಿ. ಕಟ್ಟಿಗಿ ಧೂಳು ಕ್ಯಾನ್ಸರ್ ತರೋದು ಖಾತ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1995ರಾಗ ಒಂದನೇ ಗುಂಪಿಗೆ ಸೇರಿಸೇತಿ, ಮುಖ್ಯ ಮೂಗಿನ ಒಳಗಿಂದು. ಅದು ವರ್ಷಾನುಗಟ್ಟಲೆ ದಿನಾ ಧೂಳಾಗ ಇರೋರ ಲೆಕ್ಕ, ಐತವಾರಕ್ಕೊಮ್ಮೆ ಸ್ಟೂಲ್ ಮಾಡೋರು ಹೆದರಿ ಹತ್ಯಾರ ಮಾರಬೇಕಾಗಿಲ್ಲ, ಮಾಸ್ಕ್ ಹಾಕ್ಕೊಂಡ್ರಾತು. ದಾಂಡೇಲಿ ಕಡಿ ಸಾಗವಾನಿ, ಬೀಟಿ ಕೆಲಸ ಮಾಡೋರಿಗೆ ಇನ್ನೊಂದು, ಈ ಎರಡರ ಧೂಳು ಕೆಲವ್ರ ಚರ್ಮಕ್ಕ ಆಗಿಬರಂಗಿಲ್ಲ, ಬೆವರು ಇರೋ ಜಾಗಾದಾಗ ತುರಿಕಿ ಬೊಕ್ಕಿ ಏಳ್ತಾವ, ಅಂಥವ್ರು ಮಾತ್ರ ಸೆಕಿ ಅನ್ನದ ಮುಂಗೈ ತನಕ ಮೈಗೆ ಹತ್ತೋ ಪೂರ್ತಿ ತೋಳಿನ ಟೀಶರ್ಟ್ ಹಾಕ್ಕೋರಿ. ಎಂಡಿಎಫ್ (ಕಟ್ಟಿಗಿ ನಾರು ಅಂಟು ಹಾಕಿ ಒತ್ತಿ ಮಾಡಿದ ಹಲಗಿ) ಧೂಳಿನ್ಯಾಗ ಅಂಟಿನ ಫಾರ್ಮಾಲ್ಡಿಹೈಡ್ ಅನ್ನೋ ರಾಸಾಯನಿಕ ಬ್ಯಾರೆ ಇರ್ತೈತಿ.

ಕರವಸ್ತ್ರ ಕಟ್ಟಿದ್ರ ಏನೂ ಉಪಯೋಗಿಲ್ಲ, ಕೊರೊನಾದಾಗ ಉಳದ ನೀಲಿ ಮಾಸ್ಕೂ ಬಾಜೂ ಸಂದಿಯಿಂದ ಧೂಳು ಬಿಡ್ತೈತಿ. ಎನ್95 ಇಲ್ಲಾ ಐಎಸ್ 9473 ಅಂತ ಬರದಿರೋ ಎಫ್‌ಎಫ್‌ಪಿ2 ತಗೋರಿ, ಎರಡು ಪಟ್ಟಿ ತಲಿ ಹಿಂದ ಹೋಗೋವು ಇರ್ಲಿ, ಕಿವಿಗೆ ಸಿಗಸೋವು ಸರಿ ಕೂಡಂಗಿಲ್ಲ. ನಮ್ ಸೆಕಿಗೆ ವಾಲ್ವ್ ಇರೋದು ಚಲೋ, ಚಷ್ಮಾ ಮ್ಯಾಲೆ ಮಂಜೂ ಕಮ್ಮಿ ಕೂಡ್ತೈತಿ. ಮೂಗಿನ ಪಟ್ಟಿ ಎರಡೂ ಕೈ ಬೆರಳಿಂದ ಒತ್ತಿ, ವಾಲ್ವ್ ಇದ್ರ ಅದನ್ನ ಕೈಯಿಂದ ಮುಚ್ಚಿ, ಜೋರಾಗಿ ಉಸಿರು ಬಿಡ್ರಿ, ಗಾಳಿ ಅಂಚಿನಿಂದ ಬಂದ್ರ ಕೂತಿಲ್ಲ ಅಂತರ್ಥ. ದಟ್ಟ ಗಡ್ಡ ಇದ್ರ ಯಾವ ಮಾಸ್ಕೂ ಪೂರ್ತಿ ಕೂಡಂಗಿಲ್ಲ, ಗಡ್ಡ ಬೇಕೋ ಸ್ಯಾಂಡರ್ ಬೇಕೋ ನೀವ ನೋಡ್ಕೋರಿ. ಗದಗಿನೋರು ನಮ್ ಕಡೆ ಗಾಳಿ ಐತ್ರಿ ಬಯಲಾಗ ಮಾಡ್ತೀವಿ ಅಂತಾರ, ಕಪ್ಪತಗುಡ್ಡದ ಮ್ಯಾಲೆ ಗಾಳಿಗಿರಣಿ ಸುಮ್ನ ಹಾಕಿಲ್ಲ, ಬಯಲಾಗ ಮಾಡೋದು ಖರೇನ ಚಲೋ, ಆದ್ರ ಗಾಳಿ ಬೆನ್ನ ಹಿಂದಿಂದ ಬಂದ್ರ ಧೂಳು ಎದಿ ಮುಂದ ಸುತ್ತಿ ಮುಖಕ್ಕ ಬರ್ತೈತಿ, ಗಾಳಿ ಬಾಜೂದಿಂದ ಹಾಯ್ದು ಹೋಗೋವಂಗ ನಿಂದ್ರಬೇಕು.

ಪಾಲಿಶ್ ದಿನ ಎನ್95 ಕೆಲಸಕ್ಕ ಬರಂಗಿಲ್ಲ, ಅದು ಧೂಳು ತಡೀತೈತಿ, ಥಿನ್ನರ್ ವಾಸ್ನಿ ತಡಿಯಂಗಿಲ್ಲ. ಮೆಲಮೈನ್, ಪಿಯು, ಎನ್‌ಸಿ ಲ್ಯಾಕರ್ ಹೊಡಿಯೋರಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರ್ ಆವಿ ಹೀರೋ ಡಬ್ಬಿ) ಇರೋ ಮಾಸ್ಕ್, ನೈಟ್ರೈಲ್ ಗ್ಲೌಸು. ಅಗಸಿ ಎಣ್ಣಿ ಹಚ್ಚಿದ ಬಟ್ಟಿ ಮಾತ್ರ ಮುದ್ದಿ ಮಾಡಿ ಏಪ್ರನ್ ಕಿಸೆದಾಗ ತುರುಕಬ್ಯಾಡ್ರಿ, ಮೂಲಿಗೂ ಒಗೀಬ್ಯಾಡ್ರಿ, ಆ ಎಣ್ಣಿ ಒಣಗುವಾಗ ಬಿಸಿ ಆಗಿ ತನ್ನಷ್ಟಕ್ಕ ತಾನ ಬೆಂಕಿ ಹತ್ತೋದು ಉಂಟು. ಬಯಲಾಗ ಒಂದೊಂದ ಹರವಿ ಒಣಗಸ್ರಿ, ಇಲ್ಲಾ ನೀರು ತುಂಬಿದ ಡಬ್ಬಿಗೆ ಹಾಕ್ರಿ.

ದಗದ ಮುಗಿದ ಮ್ಯಾಲೆ ಅದ ಅರಿವಿಯಾಗ ಅಡಗಿಮನಿಗೆ ಹೋಗಿ ರೊಟ್ಟಿ ಮುರಿಯೋದು, ಕೂಸಿನ್ನ ಎತ್ಕೊಳ್ಳೋದು ಬ್ಯಾಡ. ಮಾಸ್ಕ್ ಹಾಕ್ಕೊಂಡಿರುವಾಗನ ಹೊರಗ ನಿಂತು ಅರಿವಿ ಝಾಡಿಸ್ರಿ, ಕಂಪ್ರೆಸರ್ ಇದ್ರೂ ಅದರ ಗಾಳಿ ಮೈಮ್ಯಾಲೆ ಹೊಡ್ಕೋಬ್ಯಾಡ್ರಿ, ಎಲ್ಲಾ ಆದ ಮ್ಯಾಲೆ ಕೊನೀಗೆ ಮಾಸ್ಕ್ ತಗೀರಿ. ಅರಿವಿ ಅಲ್ಲೇ ಗೂಟಕ್ಕ, ಮನಿ ಅರಿವಿ ಒಳಗ. ಒಗಿಯೋದು ಬ್ಯಾರೆನ, ಮಂದಿ ಅರಿವಿ ಜೋಡಿ ಅಲ್ಲ, ಮತ್ತ ವಾಶಿಂಗ್ ಮಶೀನಿಗೆ ಹಾಕೋ ಮುಂಚೆ ಕಿಸೆ ಒಳಗಿಂದು ಹೊರಗ ಮಾಡಿ ನೋಡ್ರಿ, ಅರ್ಧ ಇಂಚಿನ ಸ್ಕ್ರೂ ಒಂದೆರಡು ಇದ್ದ ಇರ್ತಾವ.